ನೀರು ಹಾಕಬಾರದ ಕೂಲರು

ಇವತ್ತು ಬೆಳಿಗ್ಗೆ ಕಾರು ತೆಗೆಯಲೆಂದು ನೆಲಮಾಳಿಗೆಗೆ ಇಳಿದವಳು ಕೀಲಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಒದ್ದೆ ಲಾವಂಚದ ವಾಸನೆ. ಗಚ್ಚಿಬೌಲಿಯ ನಮ್ಮ ಈ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಗೂ ಎಸಿ ಇದೆ, ಲಾವಂಚಕ್ಕೆ ಇಲ್ಲೇನು ಕೆಲಸ ಎಂದು ತಿರುಗಿ ನೋಡಿದರೆ, ವಾಚ್‌ಮನ್ನನ ಹೆಂಡತಿ ದೇವಮ್ಮ ತನ್ನ ಕೋಣೆಯ ಕಿಟಕಿಗೆ ಹಳೆಯ ಕೂಲರೊಂದನ್ನು ಕೂರಿಸಿಕೊಂಡು, ಅದರ ಬೆನ್ನಿನ ಲಾವಂಚಕ್ಕೆ ಚೊಂಬಿನಿಂದ ನೀರು ಎರಚುತ್ತಿದ್ದಳು. ನನಗೇ ಗೊತ್ತಿಲ್ಲದೆ "ಅಯ್ಯೋ, ನೀರು ಹಾಕಬೇಡ!" ಎಂದು ಕೂಗಿಬಿಟ್ಟೆ.

ದೇವಮ್ಮ ಸುರಪುರದ ಕಡೆಯವಳು. ಚೊಂಬು ಕೆಳಗಿಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೂಲರಿಗೆ ನೀರು ಹಾಕದ ಮತ್ತೇನ್ ಚಾ ಹಾಕ್ಲೇನ್ರೀ ಅಮ್ಮಾರ?" ಎಂದಳು.

ಸರಿಯಾಗಿಯೇ ಕೇಳಿದಳು. ಕೂಲರಿಗೆ ನೀರು ಹಾಕುವುದನ್ನು ಕಂಡು ಎದೆ ಧಸಕ್ಕೆನ್ನುವ ಹೆಂಗಸು ಈ ಹೈದರಾಬಾದಿನಲ್ಲಿ ನಾನೊಬ್ಬಳೇ ಇರಬೇಕು. ಮೊದಲೇ ನಾನು ಬೆಚ್ಚಿಬೀಳುವುದರಲ್ಲಿ ನಿಸ್ಸೀಮಳು. ಪ್ರೆಶರ್ ಕುಕ್ಕರು ಕೂಗಿದರೂ ಒಂದು ಹೆಜ್ಜೆ ಹಿಂದೆ ಹಾರುತ್ತೇನೆ, ಕೂಗಲೆಂದೇ ಅದನ್ನು ಒಲೆಗೇರಿಸಿದವಳೂ ನಾನೇ ಆಗಿರುತ್ತೇನೆ. ಆದರೆ ಕೂಲರಿಗೆ ಹೀಗೆ ಬೆಚ್ಚುವುದು ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ತುಮಕೂರಿನಿಂದ ನಾನು ಸೊಸೆಯಾಗಿ ಹೈದರಾಬಾದಿಗೆ ಬಂದಾಗ ಮಾದಾಪುರದಲ್ಲಿ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೆಲ್ಲ ಯಾವುದಾದರೊಂದು ಕಂಪ್ಯೂಟರ್ ಕೋರ್ಸಿನ ಹೆಸರು ಹೇಳುತ್ತಿದ್ದ ಕಾಲ. ನನ್ನ ಗಂಡ ಶರಣು ಆ ಗಾಜಿನ ಕಟ್ಟಡಗಳಲ್ಲೊಂದರಲ್ಲಿ ಆಗತಾನೆ ಕೆಲಸಕ್ಕೆ ಸೇರಿದ್ದ. ಮಾವ ಲಿಂಗಸುಗೂರಿನ ಕಡೆಯವರು; ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ನಾವಿದ್ದದ್ದು ಅದರ ಕ್ವಾರ್ಟರ್ಸಿನಲ್ಲಿ, ಕೊನೆಯ ಮಹಡಿ, ಎರಡು ಕೋಣೆ, ಮುಂದೊಂದು ಉದ್ದನೆಯ ಗ್ಯಾಲರಿ. ಮೇಲಿನ ಸ್ಲ್ಯಾಬು ಮಾರ್ಚಿನಿಂದಲೇ ಕಾಯಲು ಶುರುವಾಗಿ ಜೂನಿನ ತನಕ ಆರುತ್ತಿರಲಿಲ್ಲ.

ಮಾವನ ಬಗ್ಗೆ ನನಗೆ ಮೊದಲ ದಿನವೇ ತಿಳಿದ ಸಂಗತಿ, ಅವರು ತಪ್ಪು ಮಾಡುವುದಿಲ್ಲ. ಅಂದರೆ ಆ ಮನೆಯಲ್ಲಿ ಹಾಗೆಂದು ನಂಬಿಕೆ. ಹಾಲು ಉಕ್ಕಿದರೆ ಅತ್ತೆಯದು, ಸ್ಕೂಟರು ಕೆಟ್ಟರೆ ಶರಣುವಿನದು, ಗೋಡೆಗೆ ಮೊಳೆ ಓರೆ ಕೂತರೆ ಗೋಡೆಯದು. ಮಾವ ಗದರುವವರಲ್ಲ, ಕೈಯೆತ್ತುವವರಲ್ಲ. ಮೆಲ್ಲಗೆ ಒಂದು ಮಾತು ಹೇಳುತ್ತಿದ್ದರು. ಅದು ಕಾರ್ಖಾನೆಯ ಸೈರನ್ನಿನಂತೆ ಎಲ್ಲರಿಗೂ ಅನ್ವಯ. ನಾನು ಓದಿದವಳು, ಕೆಲಸಕ್ಕೆ ಹೋಗಬೇಕೆಂದಿದ್ದೇನೆ ಎಂಬ ಮಾತು ಎದ್ದಾಗಲೂ ಅಷ್ಟೇ. "ಮನ್ಯಾಗ ಕುಂತು ಏನರ ಮಾಡ್ಕೊಳ್ಳಿ. ಹೊರಗ ನೌಕ್ರಿಗೆ ಹೋಗೂದು ನಮ್ಮ ಮನಿತನದಾಗ ಇಲ್ಲ," ಎಂದು ಪೇಪರಿನ ಪುಟ ತಿರುವಿದರು. ನನಗೆ ಆ ದಿನ ಊಟ ಸೇರಲಿಲ್ಲ. ತುಮಕೂರಿನಲ್ಲಿ ನನ್ನಪ್ಪ ಮೂರು ಹೆಣ್ಣುಮಕ್ಕಳನ್ನೂ ಸೈಕಲ್ ಹತ್ತಿಸಿ ಕಾಲೇಜಿಗೆ ಕಳಿಸಿದವರು. ಇಂಥದ್ದೊಂದು ವಾಕ್ಯವನ್ನು ಒಬ್ಬರು ಇಷ್ಟು ತಣ್ಣಗೆ ಹೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಕುಂತು ಮಾಡುವ ಕೆಲಸವೂ ಆಗ ಒಂದು ಹುಟ್ಟಿಕೊಂಡಿತ್ತು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಟೇಪಿಗೆ ಗೊಣಗಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಟೈಪ್ ಮಾಡಿ, ಸಂಜೆಯೊಳಗೆ ಫೋನಿನ ತಂತಿಯ ಮೂಲಕ ವಾಪಸು ಕಳಿಸುವುದು. ಕೆಲವು ಡಾಕ್ಟರು ಬಾಯಲ್ಲಿ ಏನನ್ನೋ ಅಗಿಯುತ್ತಲೇ ಮಾತಾಡುತ್ತಿದ್ದರು. ಅತ್ತೆ ಗುರುಬಸವ್ವ ನೆರೆಹೊರೆಯವರಿಗೆ ನನ್ನ ಕೆಲಸವನ್ನು ಒಂದೇ ಸಾಲಿನಲ್ಲಿ ತಿಳಿಸಿಬಿಟ್ಟಿದ್ದರು. "ಅಲ್ಲಿ ಕೆಮ್ಮಿದ್ರ ನಮ್ಮ ಸ್ವಸಿ ಇಲ್ಲಿ ಬರೀತಾಳ ನೋಡ್ರಿ."

ಮೊದಲ ಸಂಬಳ ಕೈಗೆ ಬಂದ ದಿನ ನಾನು ಅದನ್ನು ದಿಂಬಿನ ಕೆಳಗಿಟ್ಟು ಮಲಗಿದವಳು. ಆಗಲೇ ಏಪ್ರಿಲ್ ಬಂತು. ಸೆಕೆಂಡ್ ಹ್ಯಾಂಡ್ ಭಾಗಗಳನ್ನು ಕೂಡಿಸಿ ಶರಣು ಕಟ್ಟಿಕೊಟ್ಟಿದ್ದ ಕಂಪ್ಯೂಟರು ಸೆಕೆಗೆ ಹನ್ನೊಂದು ಗಂಟೆಗೇ ಏದುಸಿರು ಬಿಡತೊಡಗಿತು. ಮಧ್ಯಾಹ್ನ ಸುಮ್ಮನೆ ಆರಿಹೋಗುತ್ತಿತ್ತು, ಅರ್ಧ ಟೈಪ್ ಮಾಡಿದ ಹೃದಯಾಘಾತವನ್ನು ಹೊಟ್ಟೆಯಲ್ಲಿಟ್ಟುಕೊಂಡು. ಒಂದೆರಡು ಸಲ ಕೆಲಸ ತಡವಾಯಿತು. ಕೆಲಸ ಕೊಟ್ಟಿದ್ದ ಕಂಪನಿಯ ಮೇಲ್ವಿಚಾರಕಿ ಫೋನಿನಲ್ಲಿ, ಇನ್ನೊಮ್ಮೆ ಹೀಗಾದರೆ ನನ್ನ ಪಾಲನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿದಳು. ಈ ಕೆಲಸ ಹೋದರೆ ಈ ಮನೆಯಲ್ಲಿ ಇನ್ನೊಂದು ಕೆಲಸವಿಲ್ಲ, ಆಮೇಲೆ ಜೋಳದ ರೊಟ್ಟಿ ಬಡಿಯುವುದಷ್ಟೇ ಉಳಿಯುತ್ತದೆ. ಅದೂ ನನಗೆ ದುಂಡಗೆ ಬರುತ್ತಿರಲಿಲ್ಲ.

ಶರಣು ಆಫೀಸಿನಿಂದ ಒಂದು ಪತ್ರಿಕೆ ತಂದ. ಅದರಲ್ಲಿ ಹೊರದೇಶದ ಹುಡುಗರು ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಕತ್ತರಿಸಿ, ಗಾಜು ಕೂರಿಸಿ, ಬಣ್ಣದ ದೀಪ ಹಾಕಿ, ದೊಡ್ಡ ದೊಡ್ಡ ಫ್ಯಾನು ಬಿಗಿದು ನಿಲ್ಲಿಸಿದ ಚಿತ್ರಗಳಿದ್ದವು. ಒಳಗೆ ಗಾಳಿಯಾಡಿದರೆ ಕಾಯುವುದಿಲ್ಲವಂತೆ. ಬೆಲೆ ಕೇಳಿ ನಾವಿಬ್ಬರೂ ಪತ್ರಿಕೆ ಮುಚ್ಚುತ್ತಿದ್ದೆವು. ಮಾವ ಕೈ ಚಾಚಿ ತೆಗೆದುಕೊಂಡು, ಕನ್ನಡಕ ಏರಿಸಿ ಪ್ರತಿ ಚಿತ್ರವನ್ನೂ ನೋಡಿದರು.

"ಅಂದ್ರ ಡಬ್ಬಿ ಬದ್ಲಿ ಮಾಡಬೇಕು. ಅಷ್ಟ ಹೌದಿಲ್ಲೋ?"

"ಹಂಗಲ್ಲಪ್ಪಾ, ಅದು..." ಎಂದ ಶರಣು.

"ಮತ್ತ ಹೆಂಗ?"

ಅಲ್ಲಿಗೆ ಯೋಜನೆ ಮಾವನ ಕೈಗೆ ಹೋಯಿತು. ನನ್ನ ನೌಕರಿಗೆ ಬಾಗಿಲು ಹಾಕಿದ ಮನುಷ್ಯ, ನನ್ನ ಕಂಪ್ಯೂಟರಿಗೆ ಮನೆ ಕಟ್ಟಲು ಅಂಗಿ ತೋಳು ಮಡಚಿ ನಿಂತದ್ದನ್ನು ನೋಡಿ ನಾನು ಬೆಪ್ಪಾದೆ. ಖರ್ಚಿನ ವಿಷಯದಲ್ಲಿ ಅವರ ನಿಯಮ ಸರಳವಾಗಿತ್ತು. ಮೊದಲು ಮನೆಯಲ್ಲಿ ಇರುವುದು, ಅದಿಲ್ಲದಿದ್ದರೆ ನೆರೆಮನೆಯಲ್ಲಿ ಬಿದ್ದಿರುವುದು, ಅದೂ ಇಲ್ಲವೆಂದರೆ ಮಾತ್ರ ಕೋಠಿಯ ಪೇಟೆ.

ಅವರಿಗೆ ಕಾಗದದ ಮೇಲೆ ನಕ್ಷೆ ಬರೆದು ಅಭ್ಯಾಸವಿರಲಿಲ್ಲ. ಕಾರ್ಖಾನೆಯಲ್ಲಿ ಮಾಡುವಂತೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ, ಹಲವು ಪಟ್ಟು ಹಿಗ್ಗಿಸಿ ಬರೆದರು. ನೆಲವೆಂದರೆ ನಮ್ಮ ನಡುಮನೆ. ಮದರ್‌ಬೋರ್ಡು ಬಾಗಿಲ ಬಳಿ, ಹಾರ್ಡ್ ಡಿಸ್ಕು ಅಕ್ಕಿ ಡ್ರಮ್ಮಿನ ಪಕ್ಕ, ಗಾಳಿ ಬರುವ ದಾರಿಗೆ ಉದ್ದನೆಯ ಬಾಣ. ಅದನ್ನು ಯಾರೂ ತುಳಿಯಕೂಡದು. ಬಂದವರು ಗೋಡೆಗೆ ಬೆನ್ನುಜ್ಜುತ್ತ ಒಳಗೆ ಬರಬೇಕು. ನಾವು ಮೂಲೆಯಲ್ಲಿ ಕೂತು ಉಣ್ಣಬೇಕು. "ನಮ್ಮ ಮನ್ಯಾಗ ಗಂಡಸರು ರಂಗೋಲಿ ಹಾಕ್ತಾರವ್ವ," ಎಂದು ಅತ್ತೆ ಪಕ್ಕದ ಮನೆಯ ತೆಲುಗಿನ ಲಕ್ಷ್ಮಮ್ಮನಿಗೆ ಹೇಳಿ ನಕ್ಕರು. ಮಾವ ನಗಲಿಲ್ಲ. ಚಪ್ಪಲಿ ಡಬ್ಬಿಗಳನ್ನು ಕೂಡಿಸಿ ಒಂದು ಮಾದರಿ ನಿಲ್ಲಿಸಿದರು. ಒಳಗಿನ ಭಾಗಗಳ ಬದಲಿಗೆ ಸಾಬೂನಿನ ಪೆಟ್ಟಿಗೆ, ಅತ್ತೆಯ ಉದ್ದಿನ ಡಬ್ಬಿ. ಅಡುಗೆಗೆ ಉದ್ದು ಬೇಕಾದಾಗೆಲ್ಲ ಕಂಪ್ಯೂಟರಿಗೆ ಕೈ ಹಾಕಬೇಕಾಗುತ್ತಿತ್ತು.

ಇನ್ನು ಡಬ್ಬಿ ಯಾವುದು? ಅಕ್ಕಿ ಡ್ರಮ್ಮಿನ ಮೇಲೆ ಮಾವನ ಕಣ್ಣು ಹೋಯಿತು, ಅತ್ತೆ ಅದರ ಮೇಲೆ ಕೂತುಬಿಟ್ಟರು. ತಗಡಿನ ಟ್ರಂಕಿನ ಮೇಲೆ ಹೋಯಿತು, ಅದರಲ್ಲಿ ಅತ್ತೆಯ ಇಲಕಲ್ ಸೀರೆಗಳಿದ್ದವು. ಕೊನೆಗೆ ಗ್ಯಾಲರಿಯತ್ತ ಚಾಚಿಕೊಂಡು ಕಿಟಕಿಯಲ್ಲಿ ಕೂತಿದ್ದ ಕೂಲರು ಸಿಕ್ಕಿತು. ಕೂಲರಿನ ರಚನೆ ಗೊತ್ತಲ್ಲ, ತಗಡಿನ ಮೈ, ಬೆನ್ನಿಗೂ ಪಕ್ಕೆಗೂ ಲಾವಂಚದ ಚೌಕಟ್ಟು, ಮುಂದೆ ದೊಡ್ಡ ಫ್ಯಾನು. ಪಂಪು ಸುಟ್ಟುಹೋದ ಮೇಲೂ ಅದು ಹಲವು ಬೇಸಿಗೆ ದುಡಿದಿತ್ತು, ಹೇಗೆಂದರೆ ಅತ್ತೆ ಗ್ಯಾಲರಿಯ ಕಡೆಯಿಂದ ದಿನಕ್ಕೆ ನಾಲ್ಕಾರು ಸಲ ಲಾವಂಚಕ್ಕೆ ಬಕೆಟ್ಟಿನಿಂದ ನೀರು ಎರಚುತ್ತಿದ್ದರು. ಹಿಂದಿನ ವರ್ಷವಷ್ಟೇ ಶರಣು ನಡುಮನೆಗೆ ಹೊಸ ಕೂಲರು ತಂದಿದ್ದ. ಹಳೆಯದರ ಒಳಗೆ ಕಂಪ್ಯೂಟರಿಟ್ಟರೆ ಹೇಗೆ ಎಂದರು ಮಾವ. ಒಣ ಲಾವಂಚ ಧೂಳು ತಡೆಯುತ್ತದೆ, ದೊಡ್ಡ ಫ್ಯಾನು ಬಿಸಿಗಾಳಿ ಹೊರಗೆಳೆಯುತ್ತದೆ. ನಾನಂತೂ ಮೂರ್ಛೆ ಹೋಗುವುದೊಂದು ಬಾಕಿ.

ಫ್ಯಾನಿನ ಸದ್ದು ತಗ್ಗಿಸುವ ರೆಗ್ಯುಲೇಟರು ಮಾತ್ರ ಮನೆಯಲ್ಲೂ ನೆರೆಯಲ್ಲೂ ಸಿಗಲಿಲ್ಲ. ಕೋಠಿಗೆ ಹೋದೆವು. ಅಂಗಡಿಯವನು ಏತಕ್ಕೆಂದು ಕೇಳಿದ, ಮಾವ ಇದ್ದದ್ದನ್ನು ಇದ್ದಂತೆ ಹೇಳಿದರು. ಅವನು ಕೈಯಲ್ಲಿದ್ದ ವೈರು ಕೆಳಗಿಟ್ಟು, "ಕೂಲರ್ ಮೆ ಕಂಪ್ಯೂಟರ್? ಚಾಚಾ, ಧೂಪ್ ಬಹುತ್ ಹೈ, ಪೆಹಲೆ ಪಾನಿ ಪಿಯೋ," ಎಂದು, ಬಿಸಿಲು ನೆತ್ತಿಗೇರಿದವರಿಗೆ ಕೊಡುವಂತೆ, ನಿಜವಾಗಿಯೂ ಒಂದು ಲೋಟ ನೀರು ಕೊಟ್ಟ. ಮಾವ ಕುಡಿದು, ಬೆಲೆ ಇಳಿಸಿ, ರೆಗ್ಯುಲೇಟರು ತಂದರು. ಅಲುಗಾಟಕ್ಕೆ ಸೈಕಲ್ ಟ್ಯೂಬಿನ ತುಂಡು, ಬಣ್ಣಕ್ಕೆ ಕಿಟಕಿಯ ಕಂಬಿಗೆ ಹಚ್ಚಿ ಉಳಿದಿದ್ದ ಹಸಿರು. ಪತ್ರಿಕೆಯ ಚಿತ್ರದಲ್ಲಿ ಗಾಜಿನ ಕಿಂಡಿಯಿತ್ತಲ್ಲ, ಅದೂ ಬೇಕೇಬೇಕೆಂದು ಕೋಣೆಯತ್ತಲಿನ ತಗಡಿನಲ್ಲಿ ಒಂದು ಚೌಕ ಕತ್ತರಿಸಿದರು. ಗಾಜು ನಮ್ಮ ಮದುವೆ ಫೋಟೋದಿಂದ ಬಂತು. ನಾನೂ ಶರಣೂ ಬಾಸಿಂಗ ಕಟ್ಟಿಕೊಂಡು ಗೋಡೆಯ ಮೇಲೆ ಗಾಳಿಗೆ ಮೈಯೊಡ್ಡಿ ಉಳಿದೆವು.

ಎಲ್ಲ ಮುಗಿದ ಮೇಲೆ ಮಾವ ಅತ್ತೆಯನ್ನು ಕರೆದರು.

"ಇದಕ್ಕ ಇನ್ನ ಮ್ಯಾಲೆ ನೀರು ಹಾಕೂಹಂಗಿಲ್ಲ. ತಿಳೀತಿಲ್ಲೋ?"

"ತಿಳೀತ್ರಿ."

"ರೂಢಿ ಮ್ಯಾಲೆ ಕೈ ಹೋಗ್ತೈತಿ. ಒಳಗ ಕರೆಂಟ್ ಐತಿ."

"ನಂಗೇನ್ ಹುಚ್ಚ ಹಿಡದೈತೇನ್ರಿ?"

"ನೀ ಮರೀತಿ."

ದಿನವೂ ಒಮ್ಮೆಯಾದರೂ ಇದೇ ಮಾತು. ಅಷ್ಟು ಸಾಲದೆ ಕೂಲರಿನ ಬೆನ್ನಿನ ಮೇಲ್ಪಟ್ಟಿಗೆ ಕೆಂಪು ಬಣ್ಣದಲ್ಲಿ, ಕನ್ನಡ, ತೆಲುಗು, ಹಿಂದಿ ಮೂರರಲ್ಲೂ 'ನೀರು ಹಾಕಬಾರದು' ಎಂದು ಬರೆದರು. ಅತ್ತೆಗೆ ಓದಲು ಬರುತ್ತಿದ್ದುದು ಕನ್ನಡವೊಂದೇ. ಉಳಿದೆರಡು ಯಾರಿಗೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಅತ್ತೆಯ ಮುಖ ಸಣ್ಣಗಾಗಿತ್ತು. ಇಷ್ಟು ವರ್ಷ ಆ ಕೂಲರಿಗೆ ನೀರು ಹೊತ್ತು ಹಾಕಿದವರು ಅವರು. ಈಗ ಗ್ಯಾಲರಿಯಲ್ಲಿ ಹೋಗುವಾಗ ಅದರಿಂದ ಒಂದು ಮಾರು ದೂರ ನಡೆಯುತ್ತಿದ್ದರು.

ಆಶ್ಚರ್ಯವೆಂದರೆ ಅದು ಕೆಲಸ ಮಾಡಿತು. ಹೊರಗೆ ಡಾಂಬರು ಕರಗುತ್ತಿದ್ದರೂ ನನ್ನ ಕಂಪ್ಯೂಟರು ತಣ್ಣಗೆ ಗುಂಯ್‌ಗುಡುತ್ತಿತ್ತು. ಸಂಜೆಯೊಳಗೆ ಕೆಲಸ ಹೋಗುತ್ತಿತ್ತು. ಮಾವ ಕಾರ್ಖಾನೆಯ ಗೆಳೆಯರನ್ನು ಕರೆತಂದು ಗಾಜಿನ ಕಿಂಡಿಯಿಂದ ಇಣುಕಲು ಬಿಡುತ್ತಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡು ಪ್ರದರ್ಶನದ ಗೊಂಬೆಯಂತೆ ಟೈಪ್ ಮಾಡುತ್ತಿದ್ದೆ.

ಮೇ ತಿಂಗಳ ಒಂದು ದಿನ ಮಧ್ಯಾಹ್ನ ಕರೆಂಟು ಹೋಯಿತು. ಅತ್ತೆ ತಲೆನೋವೆಂದು ಒಳಗಿನ ಕೋಣೆಯಲ್ಲಿ ಮಲಗಿದ್ದರು. ನಾನು ಬೀಸಣಿಗೆ ಹಿಡಿದು ಗಡಿಯಾರ ನೋಡುತ್ತ ಕೂತಿದ್ದೆ. ಮಾವನ ಶಿಫ್ಟು ಮುಗಿಯುವ ಹೊತ್ತಿಗೆ ಕರೆಂಟು ಬಂತು. ಕೂಲರಿನ ಫ್ಯಾನು ತಿರುಗಿತು, ಕಂಪ್ಯೂಟರು ಎದ್ದಿತು, ನಾನು ಹೆಡ್‌ಫೋನ್ ಕೈಗೆತ್ತಿಕೊಂಡೆ. ಗ್ಯಾಲರಿಯಲ್ಲಿ ಮಾವನ ಬೂಟಿನ ಸದ್ದು ಕೇಳಿಸಿತು. ಕಿಟಕಿಯ ಸಂದಿಯಿಂದ ಅವರು ಕಂಡರು, ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಕಾಲು ತೊಳೆಯಲು ಇಟ್ಟಿದ್ದ ಬಕೆಟ್ಟನ್ನು ಎತ್ತಿಕೊಂಡರು. ಕಾಲಿಗೆ ಹಾಕಿಕೊಳ್ಳುತ್ತಾರೆಂದು ನಾನು ಕಣ್ಣು ತಿರುಗಿಸಿದೆ.

ದಭಾರನೆ ಸದ್ದು. ಒದ್ದೆ ಲಾವಂಚದ ವಾಸನೆ ಮೊದಲು ಬಂತು, ಆಮೇಲೆ ಫ್ಯಾನಿನಿಂದ ನನ್ನ ಮುಖಕ್ಕೆ ತುಂತುರು, ಆಮೇಲೆ ಗಾಜಿನ ಕಿಂಡಿಯೊಳಗೆ ಒಂದು ನೀಲಿ ಮಿಂಚು. ಫಟ್ ಎಂದು ಮನೆಯ ಫ್ಯೂಸೆಲ್ಲ ಹೋಯಿತು.

ಗ್ಯಾಲರಿಗೆ ಓಡಿದೆ. ಮಾವ ಖಾಲಿ ಬಕೆಟ್ಟು ಹಿಡಿದು, ತಾವೇ ಬರೆದ ಮೂರು ಭಾಷೆಯ ಕೆಂಪಕ್ಷರಗಳ ಎದುರಿಗೆ ನಿಂತಿದ್ದರು. ಹಿಂದಿನ ಬೇಸಿಗೆಗಳಲ್ಲಿ ಶಿಫ್ಟಿನಿಂದ ಬಂದಾಗ ಅವರೂ ಒಂದು ಬಕೆಟ್ಟು ಎರಚುತ್ತಿದ್ದರಂತೆ, ಆ ರೂಢಿಯ ಮೇಲೆ ಅವರದೇ ಕೈ ಹೋಗಿತ್ತು. ಜೀವಕ್ಕೇನೂ ಆಗಿರಲಿಲ್ಲ. ಆದರೆ ಆ ಮುಖವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಎದ್ದು ಬಂದವರು ಒಂದು ಸಲ ಕೂಲರನ್ನು ನೋಡಿದರು, ಒಂದು ಸಲ ಗಂಡನನ್ನು ನೋಡಿದರು. ಅವರ ಕೈಯಿಂದ ಬಕೆಟ್ಟು ಬಿಡಿಸಿಕೊಂಡು ಒಳಗೆ ಹೋದರು.

ಒಳಗಿನ ಭಾಗಗಳನ್ನು ಬಿಚ್ಚಿ ತಾರಸಿಗೆ ಒಯ್ದು, ಹಾಸಿದ ಧೋತರದ ಮೇಲೆ ಅತ್ತೆಯ ಸಂಡಿಗೆಗಳ ಪಕ್ಕ ಒಣಗಲಿಟ್ಟೆ. ಆ ದಿನದ ಕೆಲಸ ಹೋಯಿತು ಎಂಬುದಷ್ಟೇ ತಲೆಯಲ್ಲಿತ್ತು.

ಸಂಜೆ ಶರಣು ಬಂದ. ಖಾಲಿ ಕೂಲರನ್ನೂ ಒದ್ದೆ ಗೋಡೆಯನ್ನೂ ನೋಡಿ, "ಯಾರು ನೀರು ಹಾಕಿದ್ದು?" ಎಂದ.

"ನಾ ಹಾಕಿದೆ. ಮತ್ಯಾರು?" ಎಂದರು ಅತ್ತೆ, ಬೆಳ್ಳುಳ್ಳಿ ಬಿಡಿಸುತ್ತ.

ನಾನು ಮಾವನತ್ತ ನೋಡಿದೆ. ಪೇಪರು ಮುಖಕ್ಕೆ ಅಡ್ಡವಿತ್ತು. ಈಗ ಕೆಳಗಿಳಿಯುತ್ತದೆ, ಈಗ ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ. ಶರಣು ತಾಯಿಗೆ, "ಎಷ್ಟು ಸಲ ಹೇಳಿದ್ವಿ ಅವ್ವಾ" ಎಂದು ಶುರುಮಾಡಿದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ನೀರು ಬಿದ್ದದ್ದಕ್ಕಿಂತ ಹೆಚ್ಚಾಗಿ ನಾನು ಬೆಚ್ಚಿದ್ದು ಆಗಲೇ. ಗಂಡನ ಮಾನಕ್ಕಾಗಿ ಒಬ್ಬ ಹೆಂಗಸು ಇಷ್ಟು ಸಲೀಸಾಗಿ ಸುಳ್ಳು ಹೇಳಬಹುದೇ, ಒಬ್ಬ ಗಂಡಸು ಅದರ ಹಿಂದೆ ಇಷ್ಟು ಸಲೀಸಾಗಿ ಕೂರಬಹುದೇ? ನಿಜ ಹೇಳುತ್ತೇನೆ, ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಬಾಯಿ ತೆರೆದೆ. ಅತ್ತೆ ಬೆಳ್ಳುಳ್ಳಿಯ ತಟ್ಟೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದ ರೀತಿಗೆ ಅದು ತಾನಾಗಿ ಮುಚ್ಚಿಕೊಂಡಿತು.

ಅಷ್ಟರಲ್ಲಿ ಮೇಲ್ವಿಚಾರಕಿಯ ಫೋನು ಬಂತು. ಮನೆಯಿಂದ ಸಾಕು, ನಾಳೆಯಿಂದ ಮಾದಾಪುರದ ಆಫೀಸಿಗೇ ಬಂದು ಕೂತು ಮಾಡುವುದಾದರೆ ಮಾಡು, ಇಲ್ಲದಿದ್ದರೆ ಬಿಡು ಎಂದಳು. ಅದನ್ನು ಹಾಗೆಯೇ ಎಲ್ಲರಿಗೂ ಹೇಳಿದೆ. ಶರಣು ಚಪ್ಪಲಿ ಬಿಚ್ಚುತ್ತ, "ಹೋಗ್ಲಿ ಬಿಡು, ಸದ್ಯ ಬಿಟ್ಬಿಡು," ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಪೇಪರು ಕೆಳಗಿಳಿಯಿತು. ಮಾವ ನನ್ನನ್ನು ನೋಡಲಿಲ್ಲ, ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆಯ ಕೈಗಳನ್ನು ನೋಡುತ್ತಿದ್ದರು.

"ಯಾಕ ಬಿಡಬೇಕು? ಹೋಗ್ಲಿ ಆಕಿ ಆಫೀಸಿಗೆ. ನಾ ಬಸ್ ಸ್ಟ್ಯಾಂಡ್ ತನಕ ಬಿಟ್ಟು ಬರ್ತೀನಿ."

ಶರಣು ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಮರುದಿನ ಬೆಳಿಗ್ಗೆ ನಾನು ಸೀರೆಯ ನೆರಿಗೆ ಕೂಡಿಸಲಾಗದೆ ಒದ್ದಾಡುತ್ತಿದ್ದಾಗ, ಅತ್ತೆ ಬುತ್ತಿ ಕೈಗಿಟ್ಟು, "ಹೋಗು, ಆಫೀಸಿಗೆ ತಡ ಆತು," ಎಂದರು.

ಹಾಗೆ ಹೊರಟವಳು ಇನ್ನೂ ಹೋಗುತ್ತಲೇ ಇದ್ದೇನೆ. ಕಂಪನಿಗಳು ಬದಲಾದವು, ಡಾಕ್ಟರು ಗೊಣಗುವುದನ್ನು ಈಗ ಯಂತ್ರವೇ ಬರೆದುಕೊಳ್ಳುತ್ತದೆ, ನಾನು ಬೇರೆ ಏನೇನೋ ಕಲಿತೆ. ಒಣಗಿದ ಕಂಪ್ಯೂಟರು ಸಂಡಿಗೆಯ ಜೊತೆಗೇ ಕೆಳಗಿಳಿದು ಬಂದು, ನಮ್ಮೆಲ್ಲರಿಗೂ ಅಚ್ಚರಿಯಾಗುವಂತೆ ನಡೆಯಿತು. ಮಾವ ಕೂಲರನ್ನು ಮತ್ತೆ ಕೂಲರು ಮಾಡಿದರು. ಕೆಂಪಕ್ಷರ ಮಾತ್ರ ಅಳಿಸಲಿಲ್ಲ. 'ನೀರು ಹಾಕಬಾರದು' ಎಂಬುದರ ಕೆಳಗೆ ಅತ್ತೆ ದಿನವೂ ನೀರು ಹಾಕುವುದನ್ನು ನೋಡಿ ಬಂದವರು ತಬ್ಬಿಬ್ಬಾಗುತ್ತಿದ್ದರು. ಆಗ ಶರಣು ಕತೆ ಹೇಳುತ್ತಿದ್ದ, ಅವ್ವ ಕಂಪ್ಯೂಟರಿಗೆ ನೀರು ಹಾಕಿದ ಕತೆ. ಎಲ್ಲರೂ ನಗುತ್ತಿದ್ದರು. ಅತ್ತೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಮಾವ ಎದ್ದು ಗ್ಯಾಲರಿಗೆ ಹೋಗುತ್ತಿದ್ದರು. ಅವರು ತೀರಿಕೊಂಡು ಕೆಲವು ವರ್ಷವಾಯಿತು. ಅತ್ತೆ ನಮ್ಮ ಜೊತೆಗಿದ್ದಾರೆ. ಈಗ ಆ ಕತೆಯನ್ನು ನನ್ನ ಮಗಳು ಹೇಳುತ್ತಾಳೆ.

ಇವತ್ತು ಲಾವಂಚದ ವಾಸನೆ ಮೂಗಿನಲ್ಲಿಟ್ಟುಕೊಂಡು ನಾನು ಕಾರು ಹತ್ತಲಿಲ್ಲ. ದೇವಮ್ಮನಿಂದ ಒಂದು ಎಳೆ ಲಾವಂಚ ಕೇಳಿ ಪಡೆದು ಮತ್ತೆ ಮೇಲಕ್ಕೆ ಹೋದೆ. ಅತ್ತೆ ಬಾಲ್ಕನಿಯಲ್ಲಿ ಮೆಂತ್ಯ ಸೋಸುತ್ತ ಕೂತಿದ್ದರು. ಲಾವಂಚವನ್ನು ಕೈಗಿಟ್ಟೆ. ಮೂಸಿ ನೋಡಿ ನಕ್ಕರು.

"ಅತ್ತೆ, ಅವತ್ತು ಯಾಕೆ ಹಾಗೆ ಹೇಳಿದ್ರಿ? ಮಾವನ ಮಾನ ಉಳಿಸೋಕೆ ಅಲ್ವಾ?"

ಯಾವ ಅವತ್ತು ಎಂದು ಅವರು ಕೇಳಲಿಲ್ಲ. "ಅವರ ಮಾನ ಅವರು ನೋಡ್ಕೊಂತಿದ್ರು. ಅದಕ್ಯಾಕ ನಾ ಬೈಸ್ಕೊಳ್ಳಿ?" ಎಂದರು.

"ಮತ್ತೆ?"

"ಅವರ ತಪ್ಪು ಅಂತ ಮಗನ ಮುಂದ ಗೊತ್ತಾಗಿದ್ರ ಏನಾಗ್ತಿತ್ತು ಹೇಳು. ಸಿಟ್ಟು ಬರ್ತಿತ್ತು. ಈ ಕಂಪ್ಯೂಟರೂ ಬ್ಯಾಡ, ಈ ನೌಕ್ರಿನೂ ಬ್ಯಾಡ, ತಗದು ಒಗೀರಿ ಅಂತಿದ್ರು. ನಾ ಬಾಳ್ವೆ ಮಾಡಿಲ್ಲೇನು ಅವರ ಜೋಡಿ? ನಾ ಬೈಸ್ಕೊಂಡ್ರ ಅವರಿಗೆ ಒಳಗೊಳಗ ಕಡೀತಿತ್ತು. ಕಡೀಲಿ ಅಂತನಽ ಸುಮ್ಮ ಕುಂತಿದ್ದೆ. ಅದು ಕಡದಿದ್ದಕ್ಕಽ ನಿನ್ನ ಆಫೀಸಿಗೆ ಹೋಗ್ಲಿ ಅಂದ್ರು. ನೀ ಬಾಯಿ ತಗದಿ ನೋಡು, ಎಲ್ಲಾ ಕೆಡಸ್ತಾಳೇನೋ ಅಂತ ನನ್ನ ಎದಿ ಹಾರಿತ್ತು."

ನಾನು ಮೆಂತ್ಯದ ಕಟ್ಟಿನ ಪಕ್ಕ ನೆಲದ ಮೇಲೇ ಕೂತೆ. ಇಷ್ಟು ವರ್ಷ ಅದನ್ನು ಗಂಡನಿಗಾಗಿ ಆಡಿದ ಸುಳ್ಳೆಂದು ತಿಳಿದು ಒಳಗೊಳಗೇ ಮುನಿದುಕೊಂಡಿದ್ದೆ. ಅದು ನನಗಾಗಿ ಆಡಿದ್ದು. ಪ್ರತಿ ಹಬ್ಬದಲ್ಲೂ ನೆಂಟರೆಲ್ಲ ಅವರನ್ನು ನೋಡಿ ನಗುತ್ತಿದ್ದಾಗ ನಾನೂ ಜೊತೆಗೆ ನಕ್ಕಿದ್ದೆ.

"ಮಗಳಿಗೆ ನಿಜ ಹೇಳಿಬಿಡ್ತೀನಿ," ಎಂದೆ.

"ಬ್ಯಾಡ. ಆಕಿ ಹೇಳೂದು ಚಂದ ಐತಿ. ಆ ನೀರು ನಂದಽ ಇರ್ಲಿ." ಸೋಸಿದ ಎಲೆಗಳನ್ನು ಬುಟ್ಟಿಗೆ ಸುರಿದುಕೊಂಡರು.

ಮಗಳಿಗೆ ಹೇಳುವುದಿಲ್ಲ. ನಿಮಗೆ ಹೇಳಿದ್ದೇನೆ, ಇನ್ನು ಅದು ನಿಮ್ಮ ಹೊಟ್ಟೆಯಲ್ಲಿರಲಿ. ಕೂತಲ್ಲೇ ಕೂತಿದ್ದ ನನ್ನ ಭುಜವನ್ನು ಅತ್ತೆ ಮೆಂತ್ಯದ ವಾಸನೆಯ ಕೈಯಿಂದ ತಟ್ಟಿ, "ಹೋಗು, ಆಫೀಸಿಗೆ ತಡ ಆತು," ಎಂದರು. ದಿನಾ ಬೆಳಿಗ್ಗೆ ಹೇಳುವ ಮಾತೇ ಅದು. ಅದನ್ನು ಹೇಳುವ ಹಕ್ಕಿಗಾಗಿ ಅವರು ಏನು ಕೊಟ್ಟಿದ್ದರೆಂದು ನನಗೆ ಗೊತ್ತಾದದ್ದು ಇವತ್ತು.